ಎರಡು ಬೀಗದ ಕೋಡಿ

ನಾನಿದ್ದ ನೀರಾವರಿ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಬರುತ್ತಾರೆ. ಆ ಮೇಡಂ ಕೆಂಗೇರಿ ಆಚೆಯ ಹಳ್ಳ, ಕೆರೆಗಳ ಮೇಲೇ ಸರ್ವಿಸ್ ಮುಗಿಸಿದವರು, ಒಮ್ಮೆ ಹೋಗಿ ಮಾತಾಡಿಸಿ ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಕಾಫಿ ಕುಡಿದ ಮೇಲೆ ಅವರು ಕೇಳುವ ಮೊದಲ ಪ್ರಶ್ನೆ ನಕ್ಷೆ ಮಾಡುವ ಸಾಫ್ಟ್‌ವೇರ್ ಬಗ್ಗೆ. ಎರಡನೆಯದು ವರ್ಗಾವಣೆಯ ಬಗ್ಗೆ. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ನಿಜ ಹೇಳಿದರೆ ಕೆಲಸ ಬಿಟ್ಟಾರು. ಹಾಗಾಗಿ ಬೀಗದ ಕಥೆ ಹೇಳಿ ಕಳಿಸುತ್ತೇನೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಲ್ಲೆಲ್ಲಿ ಬಿದ್ದ ಮಳೆ ಒಂದೇ ಹಳ್ಳಕ್ಕೆ ಇಳಿಯುತ್ತದೋ ಆ ನೆಲವೆಲ್ಲ ಸೇರಿ ಒಂದು ಜಲಾನಯನ ಪ್ರದೇಶ. ಕಾಲೇಜಿನ ಪುಸ್ತಕದಲ್ಲಿ ಅದು ಅರಳಿ ಎಲೆಯ ನರಗಳ ಹಾಗೆ ಚೆಂದವಾಗಿರುತ್ತದೆ. ನೆಲದ ಮೇಲೆ ಅದರೊಳಗೆ ಊರುಗಳಿರುತ್ತವೆ. ನನ್ನ ಪಾಲಿಗೆ ಬಂದ ಹಳ್ಳ ಒಂದು ಗುಡ್ಡದ ಸಾಲಿನಲ್ಲಿ ಹುಟ್ಟಿ, ಒಂದರ ಕೆಳಗೊಂದು ಕೆರೆಗಳನ್ನು ತುಂಬಿಸುತ್ತಾ ದೊಡ್ಡ ಹೊಳೆಗೆ ಸೇರುತ್ತಿತ್ತು. ಅದರಲ್ಲಿ ಎರಡು ಕೆರೆ, ಎರಡು ಊರು ಮಾತ್ರ ಈ ಕಥೆಗೆ ಬೇಕಾಗಿರುವುದು. ಹೆಸರು ಬರೆದರೆ ಇವತ್ತಿಗೂ ಜಗಳಕ್ಕೆ ಬರುತ್ತಾರೆ. ಆದ್ದರಿಂದ ಮೇಲೂರು, ಕೆಳಗೂರು ಅನ್ನುತ್ತೇನೆ.

ನಾನು ಸೇರಿದಾಗ ಕೆಲಸ ಎಂದರೆ ನೆಲದ ಏರುತಗ್ಗು ಅಳೆಯುವ ಲೆವೆಲ್ ಉಪಕರಣ, ಅಳತೆ ಪಟ್ಟಿ ಹಿಡಿಯಲು ಒಬ್ಬ ಆಳು ಮತ್ತು ಒಂದು ಛತ್ರಿ. ಛತ್ರಿ ಉಪಕರಣಕ್ಕೆ, ನನಗಲ್ಲ. ಬಿಸಿಲಿಗೆ ಅದರ ಗಾಜಿನೊಳಗಿನ ಗುಳ್ಳೆ ಅಲ್ಲಾಡುತ್ತದೆ ಎಂದು ಹೆದರುತ್ತಿದ್ದರು. ಹೆಂಗಸರಿಗೆ ಆ ಬಯಲಿನಲ್ಲಿ ಶೌಚದ ವ್ಯವಸ್ಥೆ ಇರಲಿಲ್ಲ, ಇದೆಯೇ ಎಂದು ಕೇಳುವ ಪದ್ಧತಿಯೂ ಇರಲಿಲ್ಲ. ನೀರಿನ ಇಲಾಖೆಯಲ್ಲಿದ್ದುಕೊಂಡು ಹಗಲು ಹೊತ್ತು ನೀರೇ ಕುಡಿಯದೆ ಸರ್ವಿಸ್ ಮುಗಿಸಿದವಳು ನಾನು. ಈಗ ಡ್ರೋನ್ ಹಾರಿಸುತ್ತಾರೆ, ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಒಳ್ಳೆಯದೇ. ಹಳೆಯ ಕಾಲ ಚೆನ್ನಾಗಿತ್ತು ಅನ್ನುವವರ ಮೂತ್ರಕೋಶ ನನ್ನದಕ್ಕಿಂತ ಗಟ್ಟಿಯಿರಬೇಕು.

ನನ್ನ ಮೊದಲ ಮೇಲಧಿಕಾರಿ ಉತ್ತರ ಕರ್ನಾಟಕದವರು. ಬಸವೇಶ್ವರನಗರದಲ್ಲಿ ಮನೆ. ಬೆಳಿಗ್ಗೆ ಹಣೆಗೆ ವಿಭೂತಿ, ಟಿಫನ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಮಾತಿನಲ್ಲಿ ಶೇಂಗಾ ಚಟ್ನಿಯ ಖಾರ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು.

"ನೋಡ್ರೀ ಮೇಡಂ, ನೀರಿಗೆ ಜಾತಿ ಇಲ್ಲ ಅಂತಾರ ಮಂದಿ. ಸುಳ್ಳದು. ಮ್ಯಾಲಿನವರು, ಕೆಳಗಿನವರು ಅಂತ ಎರಡು ಜಾತಿ ಅದಾವು. ನಾವು ಎರಡಕ್ಕೂ ಸಂಬಂಧ ಇಲ್ಲದವರು. ಅದಕ್ಕ ಇಬ್ಬರೂ ನಮ್ಮನ್ನ ಬೈತಾರ."

ಆಗ ನಾನು ನಕ್ಕೆ. ಚಿಕ್ಕ ವಯಸ್ಸು, ನಗುವುದು ಸುಲಭವಿತ್ತು.

ಅವರು ಒಳ್ಳೆಯ ಎಂಜಿನಿಯರ್, ಆದರೆ ಜನರೂ ಕಾಗದದ ಮೇಲೆ ಎಳೆದ ಗೆರೆಯಂತೆ ನೆಟ್ಟಗೆ ನಿಲ್ಲುತ್ತಾರೆ ಎಂದು ನಂಬಿದ್ದವರು. ಮೇಲೂರ ಕೆರೆಯಲ್ಲಿ ನೀರಿನ ಮಟ್ಟ ತಿಳಿಯಲಿ ಎಂದು ಅಂಕಿ ಬರೆದ ಒಂದು ಅಳತೆಗಲ್ಲು ನೆಡಿಸಿದರು. ಮುಂದಿನ ವಾರ ಹೋಗಿ ನೋಡಿದರೆ ಅಂಕಿಗಳ ಮೇಲೆಲ್ಲ ಅರಿಸಿನ ಕುಂಕುಮ. ಕೆರೆಯೊಳಗೆ ಹೊಸ ಕಲ್ಲು ಎದ್ದಿದೆ ಎಂದರೆ ಅದು ಗಂಗಮ್ಮ ಅಲ್ಲದೆ ಇನ್ನೇನು ಎಂದು ಊರಿನ ಹೆಂಗಸರು ಪೂಜೆ ಮಾಡಿದ್ದರು. ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ಕಲ್ಲಿನ ಹಿಂಭಾಗಕ್ಕೂ ಅಂಕಿ ಬರೆಸಿ, "ದೇವ್ರ ಬೆನ್ನಿಗೆ ಯಾರೂ ಕುಂಕುಮ ಹಚ್ಚಂಗಿಲ್ಲ" ಎಂದರು. ಅದು ಸರಿಹೋಯಿತು. ಆಮೇಲೆ ನಾವು ಮಟ್ಟ ಓದಬೇಕಾದಾಗಲೆಲ್ಲ ಮೊಣಕಾಲುದ್ದ ನೀರಿನಲ್ಲಿ ಇಳಿದು ಗಂಗಮ್ಮನ ಹಿಂದೆ ಹೋಗಿ ನಿಲ್ಲಬೇಕಾಗಿತ್ತು, ಅಷ್ಟೇ.

ನಿಜವಾದ ಜಗಳವಿದ್ದದ್ದು ಕೋಡಿಯಲ್ಲಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿಯಲು ಬಿಟ್ಟ ದಾರಿಯೇ ಕೋಡಿ. ಮೇಲೂರ ಕೋಡಿಯಿಂದ ಹರಿದ ನೀರೇ ಕೆಳಗೂರ ಕೆರೆಗೆ ಆಧಾರ. ಮಳೆಗಾಲ ಬಂದರೆ ಮೇಲೂರಿನವರು ಕೋಡಿಗೆ ಮರಳು ಮೂಟೆ ಜೋಡಿಸುವರು, ಇನ್ನಷ್ಟು ನಿಲ್ಲಲಿ ಎಂದು. ಕೆಳಗೂರಿನವರು ಬಂದು ಅದನ್ನು ಕಿತ್ತೆಸೆಯುವರು. ಮೂಟೆ ಇಟ್ಟವರನ್ನು ಯಾರೂ ನೋಡಿರುತ್ತಿರಲಿಲ್ಲ, ಕಿತ್ತವರನ್ನೂ ಯಾರೂ ನೋಡಿರುತ್ತಿರಲಿಲ್ಲ. ಇಬ್ಬರ ತಲೆಯೂ ಒಡೆದಿರುತ್ತಿತ್ತು.

ಸಾಹೇಬರು ಯೋಚಿಸಿ ಕೋಡಿಯ ನಡುವೆ ಕಬ್ಬಿಣದ ಗೇಟು ಕೂರಿಸಿದರು. ನೀರು ಅಳತೆಗಲ್ಲಿನ ಗುರುತು ಮುಟ್ಟುವ ತನಕ ಗೇಟು ಮುಚ್ಚಿರಬೇಕು, ಮುಟ್ಟಿದ ಮೇಲೆ ತೆಗೆಯಬೇಕು. ಸರಿ, ತೆಗೆಯುವವರು ಯಾರು? ಮೇಲೂರಿನವರ ಕೈಗೆ ಕೊಟ್ಟರೆ ತೆಗೆಯುವುದಿಲ್ಲ, ಕೆಳಗೂರಿನವರ ಕೈಗೆ ಕೊಟ್ಟರೆ ಮುಚ್ಚುವುದಿಲ್ಲ.

"ಎರಡು ಕೀಲಿ ಹಾಕ್ರೀ," ಎಂದರು ಸಾಹೇಬರು. "ಆ ಊರಿಗೊಂದು, ಈ ಊರಿಗೊಂದು. ಇಬ್ಬರೂ ಕೂಡಿ ಬಂದ್ರ ಮಾತ್ರ ತೆಗೀಲಿಕ್ಕೆ ಬರಬೇಕು. ಹಂಗಾದ್ರೂ ಮಾರಿ ಮಾರಿ ನೋಡ್ತಾರ."

ಎರಡು ಬೀಗ, ಮುಖ ಮುಖ ನೋಡಲೇಬೇಕಾದ ಎರಡು ಊರು. ನ್ಯಾಯವೆಂದರೆ ಇದು ಎಂದು ನನಗೂ ಅನ್ನಿಸಿತು. ಮೇಲೂರಿನ ಬೀಗದ ಕೈ ಸಿದ್ದಪ್ಪನವರಿಗೆ ಸಿಕ್ಕಿತು, ಕೆಳಗೂರಿನದು ಮುದ್ದಯ್ಯನವರಿಗೆ. ಸಿದ್ದಪ್ಪ ಮಾತು ಕಡಿಮೆಯ, ಲೆಕ್ಕಾಚಾರದ ಮನುಷ್ಯ. ಮುದ್ದಯ್ಯ ದೊಡ್ಡ ಗಂಟಲಿನ, ಮನಸ್ಸಿನಲ್ಲಿರುವುದಕ್ಕೂ ಬಾಯಲ್ಲಿ ಬರುವುದಕ್ಕೂ ನಡುವೆ ಒಂದು ಊರಿನಷ್ಟು ದೂರವಿರುವ ಮನುಷ್ಯ. ಇದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ನಾವು ಎಣಿಸದಿದ್ದ ವಿಷಯ ವಾರಗಳದ್ದು. ಮೇಲೂರಿನವರು ಸೋಮವಾರ ಬಸವನ ದಿನವೆಂದು ನೇಗಿಲನ್ನೂ ಕಟ್ಟುವುದಿಲ್ಲ, ಕೆರೆಗೆ ಕಬ್ಬಿಣವನ್ನೂ ಇಳಿಸುವುದಿಲ್ಲ, ಗೇಟನ್ನಂತೂ ಮುಟ್ಟುವುದೇ ಇಲ್ಲ. ಮಂಗಳವಾರ, ಶುಕ್ರವಾರ ಮನೆಯ ಲಕ್ಷ್ಮಿಯನ್ನು ಆಚೆ ಕಳಿಸಬಾರದು, ನೀರೂ ಲಕ್ಷ್ಮಿಯೇ. ಶನಿವಾರ ಕೆಳಗೂರಿನವರ ಮನೆದೇವರ ಒಪ್ಪೊತ್ತು. ಭಾನುವಾರ ಸರ್ಕಾರಕ್ಕೆ ರಜ. ಉಳಿದ ಬುಧವಾರ, ಗುರುವಾರಗಳಲ್ಲಿ ಒಬ್ಬರಿಗೆ ಸೂತಕವಿರುತ್ತಿತ್ತು, ಇನ್ನೊಬ್ಬರಿಗೆ ಮದುವೆ ಇರುತ್ತಿತ್ತು. ಮಳೆ ಮಾತ್ರ ವಾರ ನೋಡದೆ ಬರುತ್ತಿತ್ತು. ನಾನು ಒಬ್ಬರ ಮನೆಯ ಜಗಲಿಯಿಂದ ಇನ್ನೊಬ್ಬರ ಮನೆಯ ಜಗಲಿಗೆ ಓಡಾಡಿ, ಕಾಫಿ ಕುಡಿದು, ಇವರು ಅಂದದ್ದನ್ನು ಅವರಿಗೆ ಸ್ವಲ್ಪ ಸಕ್ಕರೆ ಹಾಕಿ ಹೇಳಿ, ಹೇಗೋ ವರ್ಷಕ್ಕೊಮ್ಮೆ ಇಬ್ಬರನ್ನೂ ಗೇಟಿನ ಬಳಿ ತಂದು ನಿಲ್ಲಿಸುತ್ತಿದ್ದೆ. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಸಮನ್ವಯ ಎಂದು ಹೆಸರು.

ಮುಂದೆ ಫೋನುಗಳು ಬಂದವು, ಎರಡೂ ಊರಿಗೆ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಬೆಳಗಾದರೆ ಹೂವಿನ ಚಿತ್ರ, ಶುಭೋದಯ. ಮಧ್ಯಾಹ್ನವಾದರೆ ಕೋಡಿಯ ಮರಳು ಮೂಟೆಯ ಫೋಟೋ. ಅದು ಹಳೇ ಫೋಟೋ ಎಂದು ಇವರು, ನಿಮ್ಮ ಕಣ್ಣು ಹಳೇದು ಎಂದು ಅವರು. ಮೊದಲು ತಿಂಗಳಿಗೊಮ್ಮೆ ಆಗುತ್ತಿದ್ದ ಜಗಳ ಈಗ ಮಳೆಯಿಲ್ಲದ ದಿನವೂ ಆಗತೊಡಗಿತು. ಪದ್ಧತಿಯಲ್ಲಿ ಆದ ಬದಲಾವಣೆ ಎಂದರೆ ಇದು.

ಇನ್ನು ಆ ಭಾನುವಾರದ ವಿಷಯ.

ಆ ವರ್ಷ ದೀಪಾವಳಿ ಕಳೆದರೂ ಮಳೆ ಬಿಡಲಿಲ್ಲ. ನಮ್ಮ ಸಾಹೇಬರು ನಿವೃತ್ತರಾಗಿ ಊರಿಗೆ ಹೋಗಿಯಾಗಿತ್ತು, ಹೊಸಬರು ಬಂದಿದ್ದರು. ಒಳ್ಳೆಯ ತರುಣ, ನಿಯಮ ಬಿಟ್ಟು ಉಸಿರಾಡದವರು. ಕೆಳಗೂರ ಕೆರೆಯ ನೀರು ಬಿಡುವ ತೂಬಿನ ರಿಪೇರಿಗೆಂದು ನಮ್ಮ ಗುತ್ತಿಗೆದಾರ ಅಲ್ಲಿನ ಏರಿಯನ್ನು, ಅಂದರೆ ಕೆರೆಯ ಮಣ್ಣಿನ ಕಟ್ಟೆಯನ್ನು, ಅಗೆದು ಬಾಯಿ ತೆರೆದು ಬಿಟ್ಟಿದ್ದ. ಅಂದರೆ ಆ ಕೆರೆಯಲ್ಲಿ ನೀರು ನಿಲ್ಲುವಂತಿರಲಿಲ್ಲ. ಬಂದದ್ದೆಲ್ಲ ಸೀದಾ ಅದರ ಕೆಳಗಿನ ಬಯಲಿಗೆ ನುಗ್ಗುತ್ತಿತ್ತು. ಆ ಬಯಲಿನಲ್ಲಿ ಕೆಳಗೂರಿನವರು ರಾಗಿ ಕೊಯ್ದು ಹಾಕಿದ್ದರು.

ಬೆಳಿಗ್ಗೆ ಸಿದ್ದಪ್ಪ ಫೋನ್ ಮಾಡಿದರು.

"ಮೇಡಂ, ಏರಿ ಬೆವರ್ತಾ ಐತೆ."

ಏರಿ ಬೆವರುವುದೆಂದರೆ ಮಣ್ಣಿನೊಳಗಿಂದ ನೀರು ಜಿನುಗುವುದು. ಅದಾದ ಮೇಲೆ ಏರಿ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. ಮೇಲೂರ ಏರಿಯ ಬುಡದಲ್ಲೇ ಒಂದು ಕೇರಿ ಇತ್ತು, ತುಂಬಾ ಮನೆಗಳು.

"ಗೇಟ್ ತೆಗೀರಿ ಸಿದ್ದಪ್ಪ."

"ನನ್ ಬೀಗ ತೆಗೆದಿವ್ನಿ. ಅವನದು? ಜೇಬಲ್ಲಿಟ್ಕಂಡು ಬೆಂಗ್ಳೂರಿಗೆ ತಂಗಿ ಮನೆಗೋಗವ್ನೆ. ಮೂಡಲಪಾಳ್ಯವಂತೆ, ಹಿಟ್ಟಿನ ಗಿರಣಿಯಂತೆ. ಕೆಳಗೂರವ್ರೆಲ್ಲ ಕೋಡಿ ತಾವ ಬಂದು ಕುಂತವ್ರೆ. ನಾವು ಒಡೆಯಕ್ಕೋದ್ರೆ ಹೆಣ ಬೀಳ್ತವೆ ಮೇಡಂ."

ಬರಗಾಲದಲ್ಲಿ ಇಬ್ಬರೂ ನೀರು ನನ್ನದು ಎನ್ನುತ್ತಿದ್ದವರು, ಈಗ ಇಬ್ಬರೂ ನಿನ್ನದು ಎನ್ನುತ್ತಿದ್ದರು. ಹೊಸ ಸಾಹೇಬರಿಗೆ ಫೋನ್ ಮಾಡಿದೆ. "ಮೇಡಂ, ರೂಲ್ ಪ್ರಕಾರ ಇಬ್ರೂ ಇರ್ಬೇಕು. ನೀವಾಗಿ ಬೀಗ ಮುಟ್ಬೇಡಿ, ಆಮೇಲೆ ನಿಮ್ಮ ತಲೆ ಮೇಲೆ ಬರುತ್ತೆ. ನಾಳೆ ಬೆಳಿಗ್ಗೆ ಲಿಖಿತವಾಗಿ ಆರ್ಡರ್ ಕೊಡಿಸ್ತೀನಿ," ಎಂದರು. ನಾಳೆ ಬೆಳಿಗ್ಗೆಯ ತನಕ ಕಾಯುವಂತೆ ಏರಿಗೆ ಯಾರು ಹೇಳಬೇಕು? ಸ್ಕೂಟರ್ ತೆಗೆದುಕೊಂಡು ಮೂಡಲಪಾಳ್ಯಕ್ಕೆ ಹೊರಟೆ.

ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಮುದ್ದಯ್ಯ ಹುಬ್ಬಿಗೆಲ್ಲ ಹಿಟ್ಟು ಅಂಟಿಸಿಕೊಂಡು ಮೂಟೆಯ ಮೇಲೆ ಕುಳಿತಿದ್ದರು.

"ಓ ಮೇಡಂ! ಬನ್ನಿ, ಬನ್ನಿ. ಏನ್ ಮಳೆ, ಏನ್ ಮಳೆ!"

"ಬೀಗದ ಕೈ ಎಲ್ಲಿ ಮುದ್ದಯ್ಯ?"

"ಊರಲ್ಲೈತಲ್ಲ."

ಯಂತ್ರದ ಹಿಂದಿನಿಂದ ಅವರ ತಂಗಿ ಲಕ್ಷ್ಮಮ್ಮ ತಲೆ ಹೊರಹಾಕಿದರು. "ಮತ್ತೆ ಉಡದಾರಕ್ಕೆ ಕಟ್ಕೊಂಡಿರೋದು ಏನಣ್ಣ? ನಾನು ತಾಯಿತ ಅಂದ್ಕೊಂಡಿದ್ದೆ."

ಮುದ್ದಯ್ಯ ತಂಗಿಯನ್ನು ಒಮ್ಮೆ ನೋಡಿದರು. ಯಂತ್ರ ನಿಲ್ಲಿಸುವಂತೆ ಕೈ ತೋರಿಸಿದರು. ಸದ್ದು ಅಡಗಿದ ಮೇಲೆ, ಅವರ ಆ ದೊಡ್ಡ ಗಂಟಲಿನಿಂದ ಸಣ್ಣ ದನಿ ಬಂತು.

"ಮೇಡಂ, ನಮ್ಮ ಏರಿ ಅಗೆದು ಹಾಕಿರೋರು ನೀವೇಯ. ಈಗ ಆ ಗೇಟು ತೆಗೆದ್ರೆ ಊರ ರಾಗಿಯೆಲ್ಲ ಕೊಚ್ಕಂಡೋಯ್ತದೆ. ನನ್ ಕೈಯಾರೆ ಬೀಗ ತೆಗೆದೆ ಅಂದ್ರೆ, ನಾಳೆಯಿಂದ ಊರಲ್ಲಿ ನಂಗೆ ಒಂದು ಬೆಂಕಿಕಡ್ಡಿ ಕೊಡೋರು ಇರಾಕಿಲ್ಲ. ಮನೇಲಿ ಮದುವೆಗೆ ಬಂದಿರೋ ಮಗಳವ್ಳೆ. ನಾನು ಅಲ್ಲೇ ಬದುಕ್ಬೇಕು, ನೀವಲ್ಲ."

"ಏರಿ ಒಡೆದ್ರೆ ಮೇಲೂರ ಕೇರಿ ಹೋಗುತ್ತೆ. ಅಲ್ಲೂ ಹೆಣ್ಣುಮಕ್ಕಳಿದ್ದಾರೆ. ಆಮೇಲೆ ನಿಮ್ಮ ರಾಗಿನೂ ಹೋಗುತ್ತೆ. ಬೀಗ ಒಂದು ಉಳಿಯುತ್ತೆ, ನೋಡ್ಕೊಳ್ಳಿ."

ಮುದ್ದಯ್ಯ ಎದ್ದು ಹಿಟ್ಟು ಕೊಡವಿಕೊಂಡು, ಒಂದು ಖಾಲಿ ಗೊಬ್ಬರದ ಚೀಲವನ್ನು ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡು, "ನಡೀರಿ" ಎಂದರು.

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಉಲ್ಲಾಳದ ರಸ್ತೆಗೆ ಬಿದ್ದರೆ ರಸ್ತೆಯೇ ಒಂದು ಕೆರೆಯಾಗಿತ್ತು. ಬಸ್ಸುಗಳು ನಿಂತಿದ್ದವು. ಹೇಗೋ ಸುತ್ತಿ ಬಳಸಿ ಕೆಂಗೇರಿ ಮುಟ್ಟಿ, ನಮ್ಮ ಜೀಪಿನ ಡ್ರೈವರ್ ನಾಗರಾಜು ಬರುವ ತನಕ ಒಂದು ಅಂಗಡಿಯ ಮುಂದೆ ನಿಂತೆವು. ಮುದ್ದಯ್ಯ ಸ್ವಲ್ಪ ಆಚೆ ಹೋಗಿ ಊರಿಗೆ ಫೋನ್ ಮಾಡಿದರು. ಅವರು ಆಚೆ ಹೋಗಿ ಮಾತಾಡಿದರೂ ರಸ್ತೆಯ ಆ ಬದಿಗೂ ಕೇಳುತ್ತದೆ.

"ಲೋ, ಆ ಮೇಡಮ್ಮ ಬೀಗ ಒಡೆಸಕ್ಕೆ ಬರ್ತಾವ್ಳೆ ಕಣ್ರೋ! ಯಾರ ಮಾತೂ ಕೇಳಾ ಹಂಗಿಲ್ಲ. ಕೋಡಿ ತಾವ ಕುಂತ್ಕಂಡು ಏನ್ ಕಿಸಿತೀರಾ, ಎಲ್ಲಾರೂ ಬಯಲಿಗೋಗಿ ರಾಗಿ ಹೊರ್ರೋ ದಿಬ್ಬಕ್ಕೆ! ಬೇಗ!"

ನನಗೆ ರೇಗಿತು. ಬೀಗ ಒಡೆಸುವ ಮಾತನ್ನು ನಾನು ಆಡಿಯೇ ಇರಲಿಲ್ಲ. ಬೀಗದ ಕೈ ಇವರ ಸೊಂಟದಲ್ಲಿದೆ, ತೆಗೆಯುತ್ತೇನೆಂದು ತಾನೇ ಬರುತ್ತಿರುವುದು? ಊರನ್ನು ನನ್ನ ಮೇಲೆ ಎತ್ತಿ ಕಟ್ಟುತ್ತಿದ್ದಾರೆ ಎಂದುಕೊಂಡೆ. ಜೀಪಿನಲ್ಲಿ ನಾಗರಾಜು ಒಬ್ಬನೇ ವೈಪರ್ ಬಗ್ಗೆ ಗೊಣಗುತ್ತಿದ್ದ.

ಕೋಡಿಯ ಹತ್ತಿರ ಮೇಲೂರಿನವರು ಒಂದು ಬದಿ, ಕೆಳಗೂರಿನವರು ಇನ್ನೊಂದು ಬದಿ ನಿಂತಿದ್ದರು. ಕೆಳಗೂರಿನ ಕಡೆ ಮುದುಕರು ಮಾತ್ರ, ಉಳಿದವರು ಬಯಲಿನಲ್ಲಿ ರಾಗಿ ಹೊರುತ್ತಿದ್ದರು. ನೀರು ಗೇಟಿನ ತಲೆಯ ಮೇಲೆ ತುಳುಕುತ್ತಿತ್ತು. ಸಿದ್ದಪ್ಪ ತೆಗೆದ ಬೀಗವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲರೂ ಮುದ್ದಯ್ಯನವರನ್ನು ನೋಡಿದರು.

ಮುದ್ದಯ್ಯ ಗೇಟಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಗಳನ್ನು ಕಟ್ಟಿಕೊಂಡು ಅಬ್ಬರಿಸಿದರು.

"ನಾನು ಬೀಗ ತೆಗೆಯಾಕಿಲ್ಲ! ಸರ್ಕಾರ ಅಂದ್ರೆ ನಂಗೇನು ಭಯವಾ? ನಮ್ಮೂರ ರಾಗಿ ನೀರಿಗೆ ಹಾಕಿ ನಾನು ಬೀಗ ತೆಗೀಬೇಕಾ? ಒಡೆಸ್ತೀರಾ? ಒಡೆಸಿ ನೋಡನ ಮೇಡಂ, ತಾಕತ್ತಿದ್ರೆ ಒಡೆಸಿ!"

ಹಾಗೆ ಕೂಗುತ್ತಾ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಕೋಪದ ಮುಖದ ನಡುವೆ ಕಣ್ಣು ಮಾತ್ರ ಬೇಡುತ್ತಿತ್ತು. ನನಗೆ ಆಗ ಹೊಳೆಯಿತು. ಬರುವುದಿಲ್ಲ ಎಂದಿದ್ದರೆ ಗಿರಣಿಯಲ್ಲೇ ಕುಳಿತಿರಬಹುದಿತ್ತು. ಮಳೆಯಲ್ಲಿ ನೆನೆದುಕೊಂಡು ಇಷ್ಟು ದೂರ ಬಂದದ್ದು, ತನ್ನ ಎದುರಿಗೇ, ತಾನು ಬೇಡ ಬೇಡ ಎನ್ನುತ್ತಿರುವಾಗಲೇ ಬೀಗ ಒಡೆಯಲಿ ಎಂದು. ದಾರಿಯಲ್ಲಿ ಫೋನ್ ಮಾಡಿದ್ದೂ ಅದಕ್ಕೇ.

ಹೊಸ ಸಾಹೇಬರ ಮಾತು ನೆನಪಿಗೆ ಬಂತು, ಮುಟ್ಟಬೇಡಿ ಎಂದದ್ದು. ಭಯವೂ ಆಯಿತು, ಇಲ್ಲವೆನ್ನುವುದಿಲ್ಲ. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ.

"ನಾಗರಾಜು, ಜೀಪಲ್ಲಿ ಹಾರೆ ಇದೆ, ತಗೊಂಡ್ಬಾ," ಎಂದೆ. "ಇವರನ್ನ ಪಕ್ಕಕ್ಕೆ ಸರಿಸಿ, ಬೀಗ ಒಡಿ."

ಮುದ್ದಯ್ಯನವರನ್ನು ಪಕ್ಕಕ್ಕೆ ಸರಿಸಲು ನಾಲ್ಕಾರು ಜನ ಬೇಕಾದರು. ಅಷ್ಟು ಚೆನ್ನಾಗಿ ಒದ್ದಾಡಿದರು. ನನ್ನ ವಂಶದ ಹಿಂದಿನವರನ್ನೂ ಮುಂದಿನವರನ್ನೂ ಬೈದರು. ಬೀಗ ಒಡೆದು ಗೇಟು ಎತ್ತಿದಾಗ ನೀರಿನ ಸದ್ದಿಗೆ ಅವರ ಬೈಗುಳ ಕೇಳಿಸದಾಯಿತು, ಬಾಯಿ ಮಾತ್ರ ಆಡುತ್ತಿತ್ತು. ಸಂಜೆಯ ಹೊತ್ತಿಗೆ ಏರಿಯ ಬೆವರು ನಿಂತಿತು. ಕೇರಿಯ ಮನೆಗಳು ಉಳಿದವು. ಕೆಳಗೂರ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಿಬ್ಬ ಸೇರಿತ್ತು. ಮುದ್ದಯ್ಯನವರ ಹೊಲ ಎಲ್ಲಕ್ಕಿಂತ ತಗ್ಗಿನಲ್ಲಿತ್ತು. ಹೊರಬೇಕಾದವರು ಗೇಟಿನ ಬಳಿ ನನ್ನನ್ನು ಬೈಯುತ್ತಾ ನಿಂತಿದ್ದರಿಂದ ಅವರ ರಾಗಿ ಒಂದು ತೆನೆಯೂ ಉಳಿಯಲಿಲ್ಲ.

ಕೆಲವು ದಿನಗಳಲ್ಲೇ ನನ್ನ ಮೇಲೆ ಅರ್ಜಿ ಬಂತು. ಸರ್ಕಾರದ ಆಸ್ತಿ ಒಡೆದಿದ್ದಾರೆ, ಊರಿನ ಬೆಳೆ ಹಾಳು ಮಾಡಿದ್ದಾರೆ, ಕ್ರಮ ಜರುಗಿಸಬೇಕು. ಮೊದಲ ಸಹಿ ಮುದ್ದಯ್ಯನವರದು. ಹೊಸ ಸಾಹೇಬರು ನನಗೆ ನೋಟಿಸು ಕೊಟ್ಟು, ವಿಚಾರಣೆಗೆ ಎಲ್ಲರನ್ನೂ ಕೆಂಗೇರಿಯ ಕಚೇರಿಗೆ ಕರೆಸಿದರು. ಕೆಳಗೂರಿನವರು ಒಂದು ಟೆಂಪೋ ತುಂಬಾ ಬಂದರು.

"ಗೇಟ್ ತೆಗೀರಿ, ಬೀಗದ ಕೈ ಕೊಡಿ ಅಂತ ಮೇಡಂ ನಿಮ್ಮನ್ನ ಕೇಳಿದ್ರಾ?" ಎಂದು ಸಾಹೇಬರು ಪ್ರಶ್ನೆ ಹಾಕಿದರು.

ಮುದ್ದಯ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದರು. "ಒಂದ್ ಮಾತೂ ಕೇಳ್ನಿಲ್ಲ ಸಾ. ಬಂದ್ರು, ಒಡೆಸಿದ್ರು."

ಅವರು ಹೀಗೇ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು, ಹೇಳಬೇಕಾದದ್ದೂ ಹೀಗೇ. ಆದರೂ ಆ ಮನುಷ್ಯ ನನ್ನ ಸ್ಕೂಟರಿನ ಹಿಂದೆ ಕುಳಿತು ಬಂದವರು. ಒಮ್ಮೆಯಾದರೂ ನನ್ನ ಕಡೆ ನೋಡಬಹುದಿತ್ತು ಎಂದು ಅನ್ನಿಸಿತು.

"ನೀವೇನಂತೀರಿ ಮೇಡಂ?"

"ಅವರು ಹೇಳಿದ್ದು ಸರಿ ಸಾರ್. ನಾನು ಕೇಳಲಿಲ್ಲ."

ಸಾಹೇಬರು ಬೇಸರದಿಂದ ಪೆನ್ನು ಕೆಳಗಿಟ್ಟರು. ಅವರಿಗೆ ನನ್ನ ಮೇಲೆ ಗೌರವವಿತ್ತು, ನಾನೇ ಅವರ ಕೈ ಕಟ್ಟಿಹಾಕಿದ್ದೆ. "ಹಾಗಾದ್ರೆ ಬೇರೆ ದಾರಿ ಇಲ್ಲ. ಇವರನ್ನ ಇಲ್ಲಿಂದ ವರ್ಗ ಮಾಡ್ತೀವಿ, ನಿಮ್ಮ ಕಡೆಗೆ ಬೇರೆ ಎಂಜಿನಿಯರ್ ಬರ್ತಾರೆ. ಆಯ್ತಲ್ಲಪ್ಪ?"

"ವರ್ಗ ಬ್ಯಾಡಿ ಸಾ," ಎಂದರು ಮುದ್ದಯ್ಯ.

"ಏನ್ರೀ ಇದು? ಕ್ರಮ ತಗೊಳ್ಳಿ ಅಂತ ಅರ್ಜಿ ಕೊಟ್ಟಿದ್ದೀರಿ. ಮೊದಲ ಸಹಿ ನಿಮ್ಮದೇ ಇದೆ."

"ಅರ್ಜಿ ಇರ್ಲಿ ಸಾ. ಬೇರೆ ಶಿಕ್ಷೆ ಏನಾರ ಕೊಟ್ಕಳಿ. ಇಲ್ಲಿಂದ ಕಳಿಸ್ಬ್ಯಾಡಿ."

"ಅದೇ ಯಾಕೆ ಅಂತ?"

ಮುದ್ದಯ್ಯ ಆಗ ನನ್ನ ಕಡೆ ನೋಡಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಹೊಸಬ್ರು ಬಂದ್ರೆ ಬೀಗದ ಕೈ ಕೇಳ್ತಾರೆ ಸಾ."

ಸಾಹೇಬರಿಗೆ ಏನೂ ತಿಳಿಯಲಿಲ್ಲ. ನಾನು ಕೆಳಗೂರಿನವರ ಮುಖ ನೋಡಿದೆ. ಯಾರಾದರೂ ಬೆಚ್ಚುತ್ತಾರೆ, ಏನು ಹೀಗಂದೆ ಎಂದು ಅವರನ್ನು ಕೇಳುತ್ತಾರೆ ಎಂದುಕೊಂಡಿದ್ದೆ. ಯಾರೂ ಬೆಚ್ಚಲಿಲ್ಲ, ಯಾರೂ ಕೇಳಲಿಲ್ಲ. ಬೆಂಚಿನ ಮೇಲಿದ್ದ ಒಬ್ಬ ಮುದುಕ ಹೌದೌದೆಂದು ತಲೆಯಾಡಿಸಿ, ಮುದ್ದಯ್ಯನವರಿಗೆ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಗೇಟಿನ ಬಳಿಯ ಆ ಜಗಳ ನಾಟಕವೆಂದು ಇಡೀ ಊರಿಗೆ ಮೊದಲಿನಿಂದಲೂ ಗೊತ್ತಿತ್ತು.